ಹಾವಿಗೆ ಹಾಸಿಗೆ, ಶಿವಬಸವ್ವನಿಗೆ ಮೂರು ದಿಂಬು

ಮೀರಾ ಮೆಸಾ ಬಡಾವಣೆಯ ಮೇಲೆ ಕಡಲ ಮಂಜು ಇನ್ನೂ ಕವುಚಿಕೊಂಡಿದೆ. ಹಾವು ಮಾರುವ ಅಂಗಡಿಯ ಹಿಂಗೋಣೆಯಲ್ಲಿ ಶಿವಬಸವ್ವ ಮೊದಲ ಡಬ್ಬಿ ಎಳೆದು, ಇಲಿಗಳನ್ನು ಬೊಗಸೆಯಲ್ಲಿ ಎತ್ತಿ ಪಕ್ಕಕ್ಕೆ ಬಿಡುತ್ತಾರೆ. ಒದ್ದೆಯಾದದ್ದನ್ನು ಚೀಲಕ್ಕೆ ಸುರಿದು, ಡಬ್ಬಿ ಒರೆಸಿ, ಹೊಸ ಕಾಗದದ ಚೂರು ಹಾಸುತ್ತಾರೆ. ಆಮೇಲೆ ಕೆಮ್ಮು ಬರುತ್ತದೇನೋ ಎಂದು ಕಾಯುತ್ತಾರೆ. ಬರುತ್ತದೆ, ಆದರೆ ಚಿಕ್ಕದು.

“ಏಳ್ರವ್ವಾ, ಹಾಸಿಗಿ ಬದಲ್ ಮಾಡೂದೈತಿ,” ಅನ್ನುತ್ತಾರೆ ಮುಂದಿನ ಡಬ್ಬಿಗೆ. ಇಂಥವು ಎಂಬತ್ತಿವೆ. ಹಾವನ್ನು ಮುದ್ದಿಸಲು ಬರುವವರಾರೂ ಈ ಕೋಣೆಗೆ ಕಾಲಿಡುವುದಿಲ್ಲ. ಹಾವು ಏನು ತಿನ್ನುತ್ತದೆ ಎಂಬುದನ್ನು ಮರೆಯಲು ಅನುಕೂಲವಾಗಲೆಂದು ನಡುವೆ ಒಂದು ಬಾಗಿಲಿದೆ.

ಅರವತ್ತು ದಾಟಿದ ಶಿವಬಸವ್ವ ಗದಗಿನವರು. ಮಗಳು ದೀಪಾಲಿಯ ಮನೆಗೆ ಬಂದು, ಗ್ರೀನ್ ಕಾರ್ಡ್ ಸಿಕ್ಕಿ, ಮೊಮ್ಮಗ ಶಾಲೆಗೆ ಹೊರಟ ಮೇಲೆ ಹಗಲುಗಳು ಉದ್ದವಾದವು. ಕಾರು ಓಡಿಸಲು ಬಾರದು. ನಡೆದು ಹೋಗುವಷ್ಟು ದೂರದಲ್ಲಿ ಕೆಲಸ ಕೊಟ್ಟದ್ದು ಈ ಅಂಗಡಿಯೊಂದೇ. ಅಪ್ಲೈ ಮಾಡುವಾಗ ದೀಪಾಲಿ ಅನುಭವದ ಜಾಗದಲ್ಲಿ ‘ಬೆಡ್ಡಿಂಗ್’ ಎಂದು ತುಂಬಿದಳು. ಪ್ರಾಣಿಗಳ ಹಾಸಿಗೂ ಇಲ್ಲಿ ಅದೇ ಮಾತು. ಸುಳ್ಳೇನಲ್ಲ. ತಾಯಿ ಊರಲ್ಲಿ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದರು.

ಅಂಗಡಿಯ ಮಾಲೀಕ ಜೂನಿಯರ್ ಫಿಲಿಪ್ಪೀನ್ಸ್ ಮೂಲದವನು. ಇವರನ್ನು ‘ಟೀಟಾ’ ಅನ್ನುತ್ತಾನೆ, ಅವರಲ್ಲಿ ಅತ್ತೆ-ಚಿಕ್ಕಮ್ಮಂದಿರನ್ನು ಕರೆಯುವ ಮಾತು. ಲಿಂಗಾಯತರ ಮನೆಯ ಹೆಣ್ಣುಮಗಳು ಮೊದಲ ದಿನವೇ ಗಡಿ ಗೆರೆ ಎಳೆದರು. “ಉಣಸೂದು ನಿಂದು, ಹಾಸೂದು ನಂದು ಅಂದೆ. ಅಂವಗ ಕನ್ನಡ ಬರಂಗಿಲ್ಲ, ಆದ್ರ ತಿಳೀತು.”

ತೇವ ಬೇಕಾದ ಹೆಬ್ಬಾವಿಗೆ ತೆಂಗಿನ ನಾರಿನ ಪುಡಿ. ಹುದುಗಿ ಮಲಗುವ ಕಾರ್ನ್ ಸ್ನೇಕಿಗೆ ಆಸ್ಪನ್ ಮರದ ಒಣ ಹೊಟ್ಟು. ಹೋದ ತಿಂಗಳವರೆಗೆ ಇಲಿಗೂ ಅದೇ ಹೊಟ್ಟು. ಹೇಗೂ ಮೂಟೆಗಟ್ಟಲೆ ಬರುತ್ತದಲ್ಲ. “ಊರಾಗ ನಾರಿನಿಂದ ಭಾಂಡೆ ತಿಕ್ಕತಿದ್ವಿ. ಇಲ್ಲಿ ಅದರ ಮ್ಯಾಲೆ ಹಾವು ಮಲಗತಾವ,” ಎಂದು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸುತ್ತಾರೆ. ನಕ್ಕರೂ ಕೆಮ್ಮು.

ಹೊಟ್ಟಿನ ದೂಳು, ಇಲಿ ಉಚ್ಚೆಯ ಘಾಟು, ಎರಡೂ ಎದೆಗೆ ಇಳಿದಿವೆ ಎಂದು ಡಾಕ್ಟರು ಹೇಳಿದ್ದಾರೆ. ಮಾಸ್ಕು ಕಟ್ಟಿದರೂ ಅಷ್ಟಕ್ಕಷ್ಟೇ. ಅಡ್ಡಾದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಬೆನ್ನಿಗೆ ಮೂರು ದಿಂಬು ಒಟ್ಟಿಕೊಂಡು ಕೂತೇ ನಿದ್ದೆ ಮಾಡಲು ತೊಡಗಿ ವರ್ಷವಾಯಿತು. ಕಂಡ ಪ್ರಾಣಿಗೆಲ್ಲ ಹಾಸಿಗೆ ಹಾಸುವವರ ರಾತ್ರಿ ಹೀಗೆ. ತಿಂಗಳ ಕೊನೆಗೂ ಕೆಮ್ಮು ತಗ್ಗದಿದ್ದರೆ ಕೆಲಸ ಬಿಡಲೇಬೇಕು ಎಂದು ದೀಪಾಲಿ ಕಟ್ಟಪ್ಪಣೆ ಮಾಡಿದ್ದಾಳೆ.

“ಬಿಟ್ಟು ಮನ್ಯಾಗ ಕುಂತ್ರ ನಾನೂ ಗಾಜಿನ ಪೆಟ್ಟಿಗ್ಯಾಗಿನ ಹಾವ. ಸಂಜಿಗೆ ಅಕಿ ಬಂದು ಹೊರಗ ತಗೀಬೇಕು.”

ತಿಂಗಳ ಮೊದಲಲ್ಲಿ ದಾರಿ ತೋರಿಸಿದ್ದು ಒಬ್ಬ ಗಿರಾಕಿಯ ಪ್ರಶ್ನೆ. ರ್‍ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯ ಟೆಲಿಕಾಂ ಎಂಜಿನಿಯರ್ ಸಂದೀಪ್ ಮಗಳ ಹೆಬ್ಬಾವಿಗೆಂದು ಸೀಡರ್ ಮರದ ಹೊಟ್ಟಿನ ಚೀಲ ಎತ್ತಿಕೊಂಡಿದ್ದರು.

“ಆಂಟಿ, ಇದೇ ಇರಲಿ. ಘಮ್ ಅಂತಿದೆ, ರೂಮೆಲ್ಲ ದೇವರ ಮನೆ ಥರ ಆಗುತ್ತೆ.”

“ವಾಸನಿ ಛಲೋ ಐತ್ರಿ. ಒಯ್ದು ನಿಮ್ಮ ಮನಿಯವರ ರೇಷ್ಮಿ ಸೀರಿ ನಡುವ ಇಡ್ರಿ. ಹಾವಿಗೆ ಬ್ಯಾಡ, ಉಸಿರಿಗೆ ತ್ರಾಸು,” ಅಂದವರು ಗೋಡೆ ಹಿಡಿದು ಕೆಮ್ಮತೊಡಗಿದರು.

ಸಂದೀಪ್ ಕಾದು ನಿಂತು ಕೇಳಿದರು: “ಅದು ಸರಿ, ನಿಮ್ಮ ಉಸಿರಿಗೆ ಯಾವುದು ಆಗುತ್ತೆ ಆಂಟಿ?”

ಹಾಗೆ ಯಾರೂ ಕೇಳಿರಲಿಲ್ಲ, ಶಿವಬಸವ್ವನೂ ಕೇಳಿಕೊಂಡಿರಲಿಲ್ಲ. ಅಂದೇ ಜೂನಿಯರನ ಮುಂದೆ ದೂಳು ಕಡಿಮೆಯಿರುವ ಕಾಗದದ ಹಾಸಿನ ಚೀಲ ತಂದಿಟ್ಟರು. ಬೆಲೆ ಜಾಸ್ತಿ ಎಂದು ಅವನು ತಲೆ ಕೆರೆದುಕೊಂಡ. ಇಲಿಗಳಿಗೆ ಹೊಂದಿದರೆ ಮುಂದುವರಿಸೋಣ, ತಿಂಗಳ ಕೊನೆಯವರೆಗೆ ನೋಡೋಣ ಎಂದ. ಪರೀಕ್ಷೆ ಇಲಿಗಳದ್ದೇ ಎಂದು ಇಬ್ಬರೂ ಒಪ್ಪಿಕೊಂಡರು.

ಇವತ್ತು ತಿಂಗಳ ಕೊನೆ. ಮಂಜು ಕರಗುವ ಹೊತ್ತಿಗೆ ಜೂನಿಯರ್ ಬಾಗಿಲಲ್ಲಿ ನಿಂತು, “ಟೀಟಾ, ರ್‍ಯಾಟ್ಸ್ ಓಕೆ?” ಎಂದು ಕೇಳುತ್ತಾನೆ.

“ಆರಾಮ ಅದಾವ. ಓಕೆ, ಓಕೆ.” ಆಮೇಲೆ ಶಿವಬಸವ್ವ ಕೈಗವಸು ಕಳಚಿ ಎರಡು ಬೆರಳು ಎತ್ತಿ ತೋರಿಸುತ್ತಾರೆ. ಎರಡು ಇಲಿ ಸತ್ತವೆಂದುಕೊಂಡ ಜೂನಿಯರ್ ಡಬ್ಬಿಗಳತ್ತ ಧಾವಿಸುತ್ತಾನೆ.

“ಇಲಿ ಅಲ್ಲೋ ತಮ್ಮಾ,” ಎಂದು ಅವನ ತೋಳು ಹಿಡಿದು ನಿಲ್ಲಿಸಿ, ತಮ್ಮ ಕೆನ್ನೆಗೆ ಅಂಗೈ ಆನಿಸಿ ತೋರಿಸುತ್ತಾರೆ. “ದಿಂಬು. ಈಗ ಎರಡ ಉಳದಾವ.”