ವಳಸಂಗದಲ್ಲಿ ಗಾಡಿ ನಿಲ್ಲಿಸಿದ ಅತ್ತೆ

ಗಾಡಿ ನಿಂತ ಕೂಡಲೇ ಅತ್ತೆ ಬಲಗೈಯ ಹಸಿರು ಬಳೆಗಳನ್ನೆಲ್ಲ ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ನಡುವಿನ ಹಬ್‌ಗೆ ಕೈಯ ಹಿಂಬದಿಯನ್ನು ತಾಗಿಸುತ್ತಿದ್ದಳು. ಅಲ್ಲಿ ಚರ್ಮ ಕರ್ರಗೆ, ನುಣ್ಣಗೆ ಆಗಿತ್ತು. ಅರ್ಧ ರೊಟ್ಟಿಯ ಹಂಚಿನಿಂದ, ಅರ್ಧ ಈ ಗಾಲಿಗಳಿಂದ.

ಅವಳು ನನ್ನ ಅಪ್ಪನ ಅಕ್ಕ. ಅವಳ ಮನೆ ಒಂದು ಲಾರಿ. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಲಾರಿಯನ್ನು ಅವಳ ಗಂಡ, ಅಂದರೆ ನಮ್ಮ ಮಾಮಾ, ಕೊಂಡು ತಂದು ಸುತ್ತ ಹಲಗೆ ಹೊಡೆಸಿ ಮೇಲೆ ತಗಡು ಹಾಕಿಸಿದ್ದ. ಒಳಗೆ ಮಲಗಲು ಒಂದು ಮಂಚ, ಮೂಲೆಯಲ್ಲಿ ಸ್ಟೋವ್, ಉಳಿದ ಜಾಗದಲ್ಲೆಲ್ಲ ಚಾದರು, ಸೀರೆ. ಸೊಲ್ಲಾಪುರದ ನವಿ ಪೇಠದಲ್ಲಿ ಮಾಲು ತುಂಬಿಕೊಂಡು ಮಂದ್ರೂಪ, ಅಕ್ಕಲಕೋಟ ಎಂದು ಸಂತೆಯಿಂದ ಸಂತೆಗೆ ಹೋಗಿ ಮಾರುತ್ತಿದ್ದರು. ಅಲ್ಲೇ ಅಡಿಗೆ, ಅಲ್ಲೇ ನಿದ್ದೆ. ಮಕ್ಕಳಿರಲಿಲ್ಲ.

ಲಾರಿ ಕೊಂಡ ಹೊಸತರಲ್ಲಿ ಹಿಂದಿನ ಜೋಡು ಗಾಲಿಯ ಒಳಗಿನ ಟಾಯರಿನಿಂದ ಗಾಳಿ ಸೋರಿಹೋಗಿದ್ದು ಇಬ್ಬರಿಗೂ ತಿಳಿದಿರಲಿಲ್ಲ. ಮೆತ್ತಗಾದ ಟಾಯರು ಉಜ್ಜಿ ಉಜ್ಜಿ ಕಾದು ಮಂದ್ರೂಪದ ದಾರಿಯಲ್ಲಿ ಹೊತ್ತಿಕೊಂಡಿತು. ಮಂಚವೂ ಅರ್ಧ ಮಾಲೂ ಸುಟ್ಟುಹೋದವು. ಅಂದಿನಿಂದ ಗಾಲಿ ನೋಡುವ ಕೆಲಸ ಅತ್ತೆಯದಾಯಿತು. ಟಾಯರನ್ನು ಕೋಲಿನಿಂದ ಬಡಿದು ಸಪ್ಪಳ ಕೇಳುತ್ತಿದ್ದಳು. ಬಗ್ಗಿ ಗಾಲಿಯ ಒಳಮೈ ನೋಡುತ್ತಿದ್ದಳು, ಗ್ರೀಸ್ ಜಿನುಗಿದ ಹೊಳಪು ಕಾಣುತ್ತದೇನೋ ಎಂದು. ಎಡಗಡೆಯ ಹಬ್ ಮುಟ್ಟಿದರೆ ಬಲಗಡೆಯದನ್ನೂ ಮುಟ್ಟಲೇಬೇಕು. ಒಂದು ತನ್ನ ಜೊತೆಯದಕ್ಕಿಂತ ಹೆಚ್ಚು ಕಾದಿದ್ದರೆ ಅದರಲ್ಲೇನೋ ಕೆಟ್ಟಿದೆ ಎಂದು ಲೆಕ್ಕ. ಇದೆಲ್ಲ ಮುಗಿಯುವ ತನಕ ಮಾಮಾನಿಗೆ ಕುಡಿಯಲು ನೀರು ಸಿಗುತ್ತಿರಲಿಲ್ಲ.

ಸಂತೆಯ ಜನ ಚೇಷ್ಟೆ ಮಾಡುತ್ತಿದ್ದರು. ಬಳೆಗಾರನೊಬ್ಬ ಕೇಳಿದ್ದು ನನಗೆ ನೆನಪಿದೆ: "ಏನಬೇ ಯಕ್ಕಾ, ಎಮ್ಮಿ ಹೊಟ್ಟಿ ಸವರಿದಂಗ ಸವರಾಕತ್ತಿ? ಈಯಾಕ ಬಂದದೇನು?"

"ಎಮ್ಮಿಗಿ ಬ್ಯಾನಿ ಆದ್ರ ಮೇವ ಬಿಟ್ಟು ತೋರಸ್ತದೋ ಮಾರಾಯಾ," ಅಂದಳು ಅತ್ತೆ. "ಇದು ಬೆಂಕಿ ಹತ್ತಿದ ಮ್ಯಾಲ ಬಾಯಿ ಬಿಡ್ತದ."

ನಾನು ಅಕ್ಕಲಕೋಟದ ಅಡತಿ ಅಂಗಡಿಯಲ್ಲಿ ಚೀಲ ಹೊರುವ ಹಮಾಲನ ಹಿರಿಮಗಳು. ನಮ್ಮ ಮನೆತನದಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಹೆಣ್ಣುಮಕ್ಕಳಂತೂ ಸಾಲಿಯದನ್ನೂ ಹತ್ತಿರಲಿಲ್ಲ. ಸೊಲ್ಲಾಪುರದಲ್ಲಿದ್ದು ಓದಿದೆ, ಬೇರೆಯವರ ಮಕ್ಕಳಿಗೆ ಪಾಠ ಹೇಳಿಕೊಟ್ಟು ಹೊಟ್ಟೆ ಹೊರೆದುಕೊಂಡೆ. ಬಿ.ಎ. ಕೊನೆಯ ಪರೀಕ್ಷೆಗೆ ಮೊದಲು ರಜೆಗೆಂದು ಊರಿಗೆ ಬಂದಾಗ ಅಪ್ಪ ಖಡಾಖಡಿ ಹೇಳಿಬಿಟ್ಟ: "ಈ ಸಲ ಪಾಸಾದ್ರ ಪಾಸು. ತಪ್ಪಿತಂದ್ರ ಮುಂದಿನ ವರ್ಷ ಅನ್ನೂ ಮಾತಿಲ್ಲ. ವರ ಬಂದಾನ, ನಾ ಕೊಟ್ಟಬಿಡ್ತೀನಿ."

ಸಂತೆಗೆ ಬಂದಿದ್ದ ಅತ್ತೆ ಅಲ್ಲೇ ಕೂತಿದ್ದಳು. "ಹುಡುಗೀನ ಪರೀಕ್ಷಾಕ್ಕ ನಾ ಮುಟ್ಟಸ್ತೀನಿ ತಮ್ಮಾ. ಹೆಚ್ಚುಕಮ್ಮಿ ಆದ್ರ ನನ್ನ ಕೇಳು," ಅಂದಳು. ಬಸ್ಸಿಗೆ ಹೋಗುತ್ತೇನೆ ಅಂದೆ. "ಮನ್ಯಾಗ ಗಾಡಿ ಇಟಗೊಂಡು ಬಸ್ಸಿಗಿ ಯಾಕ?" ಎಂದು ಬಾಯಿ ಮುಚ್ಚಿಸಿದಳು.

ಪರೀಕ್ಷೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಹೊರಟೆವು. ಪೇಪರು ಹನ್ನೊಂದಕ್ಕೆ. ವಳಸಂಗದಲ್ಲಿ ಇಂಜಿನ್ನಿಗೆ ನೀರು ಹಾಕಲು ಮಾಮಾ ಗಾಡಿ ನಿಲ್ಲಿಸಿದ. ಅತ್ತೆ ಇಳಿದು ಮುಂದಿನ ಎಡಗಾಲಿ ಮುಟ್ಟಿದವಳೇ ಕೈ ಹಿಂದೆಳೆದುಕೊಂಡಳು. ತಂಬಿಗೆಯಲ್ಲಿ ಬೆರಳದ್ದಿ, ಹಂಚಿಗೆ ಚಿಮುಕಿಸಿದ ಹಾಗೆ ಹಬ್ ಮೇಲೆ ನೀರು ಚಿಮುಕಿಸಿದಳು. ಚುರ್ ಅನ್ನಲಿಲ್ಲ, ಆದರೆ ನೋಡನೋಡುತ್ತ ಆರಿಹೋಯಿತು. ಬಲಗಾಲಿಗೆ ಹೋದಳು. ಅದೂ ಅಷ್ಟೇ ಬಿಸಿ.

ಮಾಮಾ ನಕ್ಕ. "ನಿನ್ನ ಲೆಕ್ಕದ ಪ್ರಕಾರನ ಬರೋಬರ್ ಅದಲ್ಲಾ! ಎರಡೂ ಒಂದ ಸಮ. ಗಾಡಿ ಹತ್ತು."

ಅತ್ತೆ ಹತ್ತಲಿಲ್ಲ. ಬಗ್ಗಿ ಎಡಗಾಲಿಯ ಒಳಮೈ ನೋಡಿದಳು. ಟಾಯರಿನ ಬದಿಗೆ ಒಂದು ತೆಳ್ಳನೆಯ ಎಣ್ಣೆಗೆರೆ ಹೊಳೆಯುತ್ತಿತ್ತು.

"ಗಾಲಿ ಯಾವಾಗ ಬಿಚ್ಚಿದ್ರಿ?"

"ನಿನ್ನಿ ಸಂಜಿಮುಂದ. ಹುಡುಗಿ ಪರೀಕ್ಷಾಕ್ಕ ಹೊಂಟಾಳ, ದಾರ್‍ಯಾಗ ತ್ರಾಸ ಆಗಬಾರದಂತ ಮುಂದಿನ ಎರಡಕ್ಕೂ ಹೊಸಾ ಗ್ರೀಸ್ ಹಾಕೀನಿ. ಅಗದಿ ಹಿಡಿಯೂವಷ್ಟು ಒತ್ತಿ ಒತ್ತಿ ತುಂಬೀನಿ!"

"ಒತ್ತಿ ತುಂಬಾಕ ಇದೇನ್ ಹೋಳಿಗಿ ಅಂತ ತಿಳಕೊಂಡೀರೇನು?" ಅಂದಳು ಅತ್ತೆ. "ಒಳಗ ಉಸರಾಡಾಕ ಜಾಗಾ ಇಲ್ಲ ಅದಕ್ಕ. ಕುದ್ದು ಹೊರಗ ಬರಾಕತ್ತದ. ಬ್ರೇಕಿಗಿ ಹತ್ತಿತಂದ್ರ ಏನ್ ಮಾಡ್ತೀರಿ?"

"ಸೊಲ್ಲಾಪುರ ಇಲ್ಲೇ ಅದ. ಸಾವಕಾಶ ಹೋಗೂಣು."

ನಾನೂ ಮಾಮಾನ ಪರವಾಗಿ ಮಾತಾಡಿದೆ. ಕೈ ಮುಗಿದೆ ಅಂದರೂ ನಡೆದೀತು. "ಅತ್ತೀ, ಗಾಲಿ ಬಿಚ್ಚಕೋತ ಕೂತ್ರ ನನ್ನ ಪೇಪರ್ ಹೋತು. ಅಪ್ಪ ಏನಂದಾನ ಗೊತ್ತದಲ್ಲಾ?"

ಅತ್ತೆ ಗಾಲಿಯನ್ನೂ ನನ್ನನ್ನೂ ನೋಡಿದಳು. ಆಮೇಲೆ ರಸ್ತೆ ದಾಟಿ ಚಹಾದಂಗಡಿಗೆ ಹೋದಳು. ಅಂಗಡಿಯವನು ಅವಳ ಗಿರಾಕಿ. ಅವನೊಡನೆ ಏನೋ ಮಾತಾಡಿ ಅವನ ಸೈಕಲ್ಲನ್ನು ತಳ್ಳಿಕೊಂಡು ಬಂದು ಮಾಮಾನ ಮುಂದೆ ನಿಲ್ಲಿಸಿದಳು.

"ನೀವು ಅಕೀನ ಹಿಂದ ಕೂಡಿಸಿಕೊಂಡು ನಡೀರಿ. ಗಾಲಿ ನಾ ನೋಡ್ತೀನಿ."

"ನೀ ಒಬ್ಬಾಕಿ ಬಿಚ್ಚತೀ?"

"ನೀವು ಬಿಚ್ಚೂದ ದಿನಾ ನೋಡೀನಲ್ಲ. ತುಂಬೂದು ಕಲತಿಲ್ಲ, ಅದ ಚಲೋ ಆತು."

ಮಾಮಾ ದಪ್ಪನೆಯ ಮನುಷ್ಯ. ಬಿಸಿಲೇರುತ್ತಿದ್ದ ದಾರಿಯಲ್ಲಿ ಉಸಿರು ಬಿಡುತ್ತ, ನಡುನಡುವೆ "ನೀ ಹಂತಾ ಹಗೂರ ಇಲ್ಲ ಬಿಡ ತಂಗೀ" ಎಂದು ಬೈಯುತ್ತ ತುಳಿದ. ಏರಿನಲ್ಲಿ ಇಬ್ಬರೂ ಇಳಿದು ಓಡಿದೆವು. ಕಾಲೇಜಿನ ಗೇಟಿಗೆ ಮುಟ್ಟಿದಾಗ ಗಂಟೆ ಬಾರಿಸುತ್ತಿತ್ತು. ಸೀರೆಯ ಅಂಚು ಚೈನಿಗೆ ಸಿಕ್ಕಿ ಹರಿದಿತ್ತು. ಹಾಗೇ ಹೋಗಿ ಕೂತೆ, ಬರೆದೆ.

ಪೇಪರು ಮುಗಿಸಿ ಹೊರಗೆ ಬಂದರೆ ಗೇಟಿನೆದುರು ಲಾರಿ ನಿಂತಿತ್ತು. ಮಾಮಾ ವಾಪಸು ಸೈಕಲ್ ತುಳಿದು ಹೋಗಿ ಗಾಡಿ ತಂದಿದ್ದ. ಅವನು ಮುಟ್ಟುವ ಹೊತ್ತಿಗೆ ಅತ್ತೆ ದಾರಿಹೋಕರಿಬ್ಬರನ್ನು ಕರೆದು ಜಾಕ್ ಏರಿಸಿ, ಎರಡೂ ಹಬ್ ಬಿಚ್ಚಿ, ಹೆಚ್ಚಿನ ಗ್ರೀಸನ್ನು ಬೆರಳಿಂದ ತೆಗೆದು ಡಬ್ಬಿಗೆ ತುಂಬಿದ್ದಳಂತೆ. ಎಡಗಾಲಿಯ ಬ್ರೇಕಿಗೆ ಆಗಲೇ ಗ್ರೀಸ್ ಹತ್ತಿತ್ತು. ಸ್ಟೋವಿನ ಚಿಮಣಿ ಎಣ್ಣೆಯಿಂದ ತೊಳೆದು ಒಣಗಿಸಿದ್ದಳು.

"ಪೇಪರ್ ಬರದೇನು?"

"ಬರದೆ ಅತ್ತೀ. ಒಂದ್ ಪ್ರಶ್ನಿ ಬಿಟ್ಟೆ."

"ಒಂದ್ ಗಾಲಿ ಬಿಟ್ಟು ಬಂದೀನಿ ಅಂತ ನಾ ಅಂದಿದ್ರ ನಡೀತಿತ್ತೇನು?" ಎಂದು ಬೈದು, ರೊಟ್ಟಿ ಬುತ್ತಿ ಬಿಚ್ಚಿದಳು. ಉಳಿದ ಪೇಪರುಗಳು ಮುಗಿಯುವ ತನಕ ಲಾರಿ ಸೊಲ್ಲಾಪುರ ಬಿಟ್ಟು ಕದಲಲಿಲ್ಲ. ಆ ವಾರದ ಸಂತೆಗಳೆಲ್ಲ ಹೋದವು.

ನಾನು ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಹುಡುಗಿಯರ ಸಾಲಿಯಲ್ಲಿ ನೌಕರಿ ಸಿಕ್ಕಿತು. ಬಂದಿದ್ದ ವರನಿಗೆ ಅಪ್ಪನೇ ಹೋಗಿ ಬೇಡ ಅಂದು ಬಂದ. ನನ್ನ ತಂಗಿಯ ಪರೀಕ್ಷೆಗಂತೂ ಯಾವ ಕರಾರನ್ನೂ ಹಾಕದೆ, ಹಿಂದಿನ ದಿನವೇ ತಾನೇ ಅವಳನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೋದ.

ಕೆಲವು ವರ್ಷಗಳ ಮೇಲೆ ಅತ್ತೆ ಜ್ವರದಿಂದ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಮಾಮಾ ನನ್ನನ್ನು ಹತ್ತಿರ ಕೂಡಿಸಿಕೊಂಡು ಅಂದ: "ಅವತ್ತ ನಿನ್ನ ಪರೀಕ್ಷಾಕ್ಕ ಬಿಟ್ಟು ತಿರುಗಿ ವಳಸಂಗಕ್ಕ ಬಂದೆ ನೋಡು, ಗಾಲಿಗಿ ಆನಕೊಂಡು ಅಳಾಕತ್ತಿದ್ಳು. ಬಿಚ್ಚೂತನಕ ಅಕಿಗೂ ಪಕ್ಕಾ ಗೊತ್ತಿದ್ದಿಲ್ಲ. ಒಳಗ ಏನೂ ಕೆಟ್ಟಿರಲಿಲ್ಲಂದ್ರ ತಮ್ಮಗ ಏನ್ ಮಾರಿ ತೋರಸ್ತಿದ್ದೆ, ಹುಡುಗೀ ಜನ್ಮಾ ನಾನ ಹಾಳ ಮಾಡಿದಂಗ ಆಗ್ತಿತ್ತಲ್ಲಾ ಅಂತ ಒಂದ ಸವನ ಅಳಾಕತ್ತಿದ್ಳು."

ನಾನು ಬಿ.ಎ. ಆದವಳು. ಹೇಳಿಕೊಳ್ಳಲು ಎಂದೂ ಸಂಕೋಚ ಪಟ್ಟಿಲ್ಲ. ನಿನ್ನನ್ನು ಓದಿಸಿದವರು ಯಾರು ಎಂದು ಕೇಳಿದವರಿಗೆ ಅತ್ತೆ ಎನ್ನುತ್ತೇನೆ. ಒಮ್ಮೆ ಅಪ್ಪನೆದುರಿಗೇ ಯಾರೋ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಹೇಳಿದ: "ನಮ್ಮ ಅಕ್ಕ ರೀ."