ಕಿವಿಯಿಂದ ಕಾಯ್ದ ಹುಲ್ಲು

ಪರ್... ಪರ್... ಪರ್... ಒಂದು ಹಿಂಡು ಕುರಿ ತಲೆ ತಗ್ಗಿಸಿ ಒಟ್ಟಿಗೆ ಹುಲ್ಲು ಹರಿಯುವ ಸದ್ದು. ಹಳೆಯ ಕಾಟನ್ ಸೀರೆಯನ್ನು ಯಾರೋ ಪುರುಸೊತ್ತಿನಿಂದ ಹರಿಯುತ್ತ ಕೂತ ಹಾಗೆ. ಕಾನ್ವೆಂಟಿನಲ್ಲಿ ಕಲಿತ ಪಿಯಾನೋ ಬೆರಳಿನಿಂದ ಹೋಯಿತು, ಅಸೆಂಬ್ಲಿಯ ಪ್ರೇಯರ್ ಕೂಡ ಅರ್ಧಂಬರ್ಧ. ಈ ಸದ್ದು ಮಾತ್ರ, ಸ್ಟ್ರೇಂಜ್ಲಿ ಇನಫ್, ಇನ್ನೂ ಕಿವಿಯಲ್ಲೇ ಇದೆ.

ಉಪ್ಪಲ್ ಆಗ ಹೈದರಾಬಾದಿನ ಹೊರಗಿತ್ತು. ವಿಮಾನ ನಿಲ್ದಾಣದ ಪಕ್ಕದ ಬೇಗಂಪೇಟೆಯ ನಮ್ಮ ಮನೆಯಿಂದ ಅಪ್ಪನ ಸ್ಕೂಟರಿನ ಹಿಂದೆ ಕೂತು ಹೋದರೆ, ದಾರಿಯ ಧೂಳೆಲ್ಲ ನನ್ನ ಎರಡು ಜಡೆಯಲ್ಲಿ. ನಮ್ಮ ಹಿರಿಯರು ರಾಯಚೂರು ಕಡೆ ಕುರಿ ಸಾಕಿಕೊಂಡಿದ್ದವರು. ಅಪ್ಪ ಓದಿ ಸರ್ಕಾರಿ ನೌಕರಿ ಹಿಡಿದು ಹೈದರಾಬಾದಿಗೆ ಬಂದರು. ಅವರ ಅಕ್ಕ, ಅಂದರೆ ನನ್ನ ಸೋದರತ್ತಿ, ಗಂಡ ತೀರಿಕೊಂಡ ಮೇಲೆ ತಮ್ಮನ ಹತ್ತಿರ ಬಂದಳು, ಕುರಿಗಳ ಸಮೇತ. ಅಪ್ಪ ಉಪ್ಪಲ್ ಆಚೆ ಕಲ್ಲು ಬಿದ್ದ ಒಂದು ಹೊಲ ಕೊಂಡಿದ್ದರು. ಅತ್ತಿ ಅಲ್ಲೇ ತಗಡಿನ ಮನೆ ಹಾಕಿಸಿಕೊಂಡು ಉಳಿದಳು. ಶಾಲೆಗೆ ರಜೆ ಬಂತೆಂದರೆ ನಾನೂ ಅಲ್ಲೇ.

ಅತ್ತಿ ಆ ಹೊಲವನ್ನು ಜಾಲಿಮುಳ್ಳಿನ ಬೇಲಿ ಎಳೆದು ನಾಲ್ಕು ಪಾಲು ಮಾಡಿದ್ದಳು. ಮೂರರಲ್ಲಿ ಹುಲ್ಲು, ಒಂದರಲ್ಲಿ ನಮ್ಮ ರೊಟ್ಟಿಗೆ ಜೋಳ. ಕುರಿ ಒಂದು ಪಾಲಿನಲ್ಲಿ ಮೇಯುವಾಗ ಉಳಿದವಕ್ಕೆ ರೆಸ್ಟ್. ಬುಡದ ತನಕ ಮೇಯಿಸಬಾರದು, ಪಾದ ಮುಚ್ಚುವಷ್ಟು ಹುಲ್ಲು ಉಳಿದಿರುವಾಗಲೇ ಮುಂದಿನ ಪಾಲಿಗೆ ಹೊಡೆಯಬೇಕು. ತಿರುಗಿ ಬರುವ ಹೊತ್ತಿಗೆ ಮೊದಲಿನದು ಮತ್ತೆ ಬೆಳೆದಿರಬೇಕು. ಜೋಳ ಕೊಯ್ದ ಮೇಲೆ ಆ ಹೊಲವೂ ಕುರಿಗೆ, ಆದರೆ ಕೂಳೆ ಪೂರಾ ಒಣಗಿದ ಮೇಲೆ. ಮಳೆ ಬಿದ್ದು ಕೊಯ್ದ ಬುಡ ಮತ್ತೆ ಚಿಗುರಿತೋ, ಆ ಎಳೆ ಚಿಗುರು ಕುರಿಗೆ ವಿಷ. ತಿಂದ ಸ್ವಲ್ಪ ಹೊತ್ತಿಗೆ ಕಾಲು ಸೋತು ಬೀಳುತ್ತವೆ.

ಯಾವಾಗ ಬೇಲಿ ತೆಗೆಯಬೇಕೆಂದು ಅತ್ತಿ ಕಿವಿಯಿಂದ ತಿಳಿಯುತ್ತಿದ್ದಳು. ಬಂಡೆಗೆ ಒರಗಿ ಕಣ್ಣು ಮುಚ್ಚಿ ಕೂತಿರುವಳು. ಪರ್ ಪರ್ ಅನ್ನುವುದು ಕಿರ್ ಕಿರ್ ಆಯಿತೆಂದರೆ ಹುಲ್ಲು ಗಿಡ್ಡಾಗಿದೆ, ಹಲ್ಲು ನೆಲಕ್ಕೆ ಹತ್ತಾಕತ್ತೈತಿ ಅಂತ ಏಳುವಳು. ನನಗೆ ಇದು ಮ್ಯಾಜಿಕ್ ಆಗಿತ್ತು. ಕ್ಲಾಸಿನಲ್ಲಿ ಹೇಳಿಕೊಂಡು ತಿರುಗಿದ್ದೆ.

ಅಪ್ಪನಿಗೆ ಮಾತ್ರ ಬೇರೆ ಯೋಚನೆ. ವಯಸ್ಸಾಯಿತು, ಒಬ್ಬಳೇ ಇರುವುದು ಸಾಕು, ಕುರಿ ಮಾರಿ ಬೇಗಂಪೇಟೆಗೆ ಬಾ ಎಂದು ಬಂದಾಗಲೆಲ್ಲ ಹೇಳುವರು. ನಿಮ್ಮ ಮನೆಯಲ್ಲಿ ಕೂತು ವಿಮಾನ ಎಣಿಸಲೇನು ಎಂದು ಅತ್ತಿ ನಕ್ಕುಬಿಡುವಳು. ಕೊನೆಗೆ ಇಬ್ಬರಲ್ಲಿ ಒಪ್ಪಂದವಾಯಿತು. ಕೈಕಾಲು ಗಟ್ಟಿ ಇರುವ ತನಕ ಇಲ್ಲಿ. ಏನಾದರೂ ಹೆಚ್ಚುಕಡಿಮೆ ಆದರೆ ಮರುಮಾತಿಲ್ಲದೆ ಅಲ್ಲಿ.

ಆ ವರ್ಷ ಕ್ರಿಸ್ಮಸ್ ರಜೆ ಮುಗಿದ ಮೇಲೂ ನನಗೆ ಗಂಟಲು ಬೇನೆ ಎಂದು ಶಾಲೆ ತಪ್ಪಿಸಿ ಅಲ್ಲೇ ಬಿಟ್ಟಿದ್ದರು. ಜೋಳ ಬೇಗ ಕೊಯ್ಲಾಗಿತ್ತು. ನಡುವೆ ಅಕಾಲದಲ್ಲಿ ಒಂದು ಮಳೆಯೂ ಬಿದ್ದಿತ್ತು. ಬೆಳಿಗ್ಗೆ ಅತ್ತಿ ಬೇಲಿಯ ಬದಿಗೆ ಬಗ್ಗಿ ಕೈಯಾಡಿಸಿದಳು. ಕೂಳೆ ಕೈಗೆ ಒಣಗಿಯೇ ಹತ್ತಿರಬೇಕು, ಅಲ್ಲಿ ನೆಲ ಬರೀ ಕಲ್ಲು. ಸಮಾಧಾನದಿಂದ ಮುಳ್ಳು ಸರಿಸಿದಳು. ಹಿಂಡು ಕತ್ತು ಚಾಚಿ ಹೊರಟಿತು. ನಾನು ಬಂಡೆಯ ಮೇಲೆ ನಿಂತು ಆಚೆ ನೋಡಿದೆ. ಹೊಲದ ನಡುವಿನ ತಗ್ಗು ಬಿಸಿಲಿಗೆ ಮಿಂಚುತ್ತಿತ್ತು. ಹೌ ಲವ್ಲಿ ಅನ್ನಿಸಿತು.

“ಅತ್ತಿ, ಎಷ್ಟು ಚಂದ ಹಸಿರು ಐತಿ ನೋಡ್ರಿ.”

ಅತ್ತಿ ನಿಂತಲ್ಲೇ ನಿಂತಳು.

“ಎಲ್ಲೈತಿ ಹಸಿರು?”

“ಅಕಾ ಅಲ್ಲಿ, ನಟ್ಟ ನಡುವ. ಎದುರಿಗೇ ಐತೆಲ್ರಿ.”

ಅತ್ತಿ ಓಡಿದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕುರಿಗಳ ಮುಂದೆ ಹೋಗಿ ಕೈ ಅಗಲಿಸಿ, ಸೆರಗು ಬೀಸಿ ತಿರುಗಿಸಿದಳು. ಒಂದೂ ತಗ್ಗಿಗೆ ಇಳಿದಿರಲಿಲ್ಲ. ಬರಿಗೈಯಿಂದಲೇ ಮುಳ್ಳೆಳೆದು ಬೇಲಿ ಮುಚ್ಚಿ ಬಂದು ಕೂತಳು. ನಾನು ಅಂಗೈಯ ಮುಳ್ಳು ತೆಗೆಯುತ್ತಿದ್ದರೆ ಅವಳು ನನ್ನ ಮುಖದ ಕಡೆಗೇ ನೋಡುತ್ತಿದ್ದಳು, ಆದರೆ ಸ್ವಲ್ಪ ಪಕ್ಕಕ್ಕೆ. ಆಗ ನನಗೆ ತಿಳಿಯಿತು.

ಅಪ್ಪನಿಗೆ ಹೇಳುವುದಿಲ್ಲ, ಪ್ರಾಮಿಸ್, ಎಂದೆ. ಅತ್ತಿ ಎದ್ದು ಕುರಿಗಳಿಗೆ ನೀರಿಡಲು ಹೋದಳು.

ಸಂಜೆ ಅಪ್ಪ ಬಂದರು. ಅತ್ತಿ ಚಹಾ ಕೊಟ್ಟಳು. ಅವರು ಕಪ್ಪು ಕೆಳಗಿಟ್ಟ ಸದ್ದು ಕೇಳಿ ಹೇಳಿದಳು:

“ತಮ್ಮಾ, ನನಗ ಕಣ್ಣು ಕಾಣಂಗಿಲ್ಲ. ಇವತ್ತ ಹಿಂಡಿಗೆ ಹಿಂಡೇ ಕೊಲ್ತಿದ್ದೆ. ಈ ಕೂಸು ಇತ್ತು, ಉಳದ್ವು. ಮಾತು ಮಾತ. ನಾನು ಬರ್ತೀನಿ ನಡಿ.”

ಅಪ್ಪ ಎಷ್ಟು ದಿನದಿಂದ ಬಯಸಿದ್ದೋ ಅದು ಕೈಗೆ ಬಂದಿತ್ತು. ಖುಷಿಯಾಗುತ್ತಾರೆ ಅಂದುಕೊಂಡೆ. ಅವರು ಎದ್ದು ಹೋಗಿ ಬಹಳ ಹೊತ್ತು ಕುರಿಗಳ ನಡುವೆ ನಿಂತರು. ತಿರುಗಿ ಬಂದು, ಮೊದಲು ದವಾಖಾನೆಗೆ ತೋರಿಸೋಣ ಅಂದರು, ಅಷ್ಟೇ. ಡಾಕ್ಟರು ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಪೂರಾ ಬಲಿತಿದೆ, ಆಪರೇಷನ್ ಮಾಡಬಹುದು ಎಂದರು. ಆದರೆ ಅತ್ತಿ ದವಾಖಾನೆಯಲ್ಲಿ ಮಲಗಿದರೆ ಕುರಿ ಯಾರು ನೋಡಬೇಕು? ಅಪ್ಪ ಆಫೀಸಿಗೆ ಲೀವ್ ಹಾಕಿದರು. ಇಸ್ತ್ರಿ ಪ್ಯಾಂಟನ್ನು ಮೊಣಕಾಲಿಗೆ ಮಡಿಚಿ, ತಲೆಗೆ ಟವೆಲ್ ಸುತ್ತಿ ಕುರಿ ಕಾಯ್ದರು. ಅವ್ವ ನೋಡಿ, ಸಾಹೇಬರ ಪ್ರಮೋಷನ್ ಆಯ್ತು ನೋಡ್ರಿ ಅಂತ ಬಿದ್ದು ಬಿದ್ದು ನಕ್ಕಳು. ಸಂಜೆಯಾದರೆ ಸ್ಕೂಟರಿನಲ್ಲಿ ದವಾಖಾನೆಗೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅಕ್ಕ ಮಲಗಿದಲ್ಲಿಂದಲೇ ಕೇಳುವಳು, ತಮ್ಮ ಒಪ್ಪಿಸುವರು: ಯಾವ ಪಾಲಿನಲ್ಲಿವೆ, ಹುಲ್ಲು ಎಷ್ಟಿದೆ, ಜೋಳದ ಬೇಲಿ ಗಟ್ಟಿ ಇದೆಯೇ.

ಪಟ್ಟಿ ಬಿಚ್ಚಿ ಕನ್ನಡಕ ಬಂದ ಮೇಲೆ ಬೇಗಂಪೇಟೆಯ ಮಾತನ್ನು ಅಪ್ಪ ಎತ್ತಲಿಲ್ಲ. ತಾವೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಉಪ್ಪಲ್‌ಗೆ ಬಿಟ್ಟು ಬಂದರು.

ನಾನು ಕೊನೆಯ ಸಲ ಅತ್ತಿಯನ್ನು ನೋಡಿದ್ದು ಮದುವೆಯಾಗಿ ಪುಣೆಗೆ ಹೊರಡುವ ಮೊದಲು. ಸೋಡಾಬಾಟಲಿಯ ತಳದಂಥ ಆ ದಪ್ಪ ಕನ್ನಡಕದಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೂಗು ಥೇಟ್ ನಿಮ್ಮಪ್ಪಂದು, ಮೊದಲು ಗೊತ್ತಾಗಿದ್ದಿಲ್ಲ, ಪಾಪ ಅಂತ ಕನ್ನಡಕ ಬಂದಾಗಿನಿಂದ ಹೇಳುವುದನ್ನೇ ಮತ್ತೆ ಹೇಳಿದಳು. ಬಸ್ಸಿನ ತನಕ ಕಳಿಸಲು ಬಂದಳು. ನಾನು ಕಿಟಕಿಯ ಹತ್ತಿರ ಕೂತು ಕೈ ಬೀಸಿದೆ, ಅಳು ಬರುತ್ತಿತ್ತು. ಅತ್ತಿ ನನ್ನ ಕಡೆ ನೋಡುತ್ತಿರಲಿಲ್ಲ. ರಸ್ತೆಯಾಚೆ ಯಾರದೋ ಎಮ್ಮೆ ಗೋಡೆಗೆ ಮೈ ಉಜ್ಜುತ್ತಿತ್ತು. ಅದನ್ನೇ, ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿ ತುಸು ತೆರೆದು ನೋಡುತ್ತ ನಿಂತಿದ್ದಳು. ಬಸ್ಸು ಹೊರಟಿತು.