ಕಾಡಿನಲ್ಲಿ ದಾರಿ ತೋರಿಸಿದವರ ಸಮಾಧಿ

ಕಡಲಾಚೆ ನಾವು ನೆಲೆಸಿರುವ ಬುಕಿತ್ ಪಂಜಾಂಗ್‌ನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಚೀನೀ ಮೂಲದವರು. ಎಪ್ಪತ್ತು ದಾಟಿದ್ದರೂ ಬೆಳಗಾದರೆ ಕಾರಿಡಾರಿನ ಕುಂಡಗಳಿಗೆಲ್ಲ ತಾವೇ ನೀರು ಹಾಕುತ್ತಾರೆ. ಈ ಕಡೆಯೆಲ್ಲ ಕಾಡಾಗಿದ್ದ ಕಾಲದಲ್ಲಿ ಅವರ ಮುತ್ತಜ್ಜ ಭೂಮಿ ಅಳೆಯಲು ಬಂದವರ ಮುಂದೆ ನಡೆಯುತ್ತಿದ್ದರಂತೆ. ಎಲ್ಲಿ ಜೌಗು, ಹುಲಿ ಎಲ್ಲಿ ನೀರಿಗೆ ಬರುತ್ತದೆ, ಎಲ್ಲಿ ನೆಲ ಗಟ್ಟಿ ಎಂದು ಮೊದಲೇ ನೋಡಿ ಬಂದು ಹೇಳುವುದು ಅವರ ಕೆಲಸ. ಅವರಿಗಿಂತ ಮುಂದೆ ಅವರ ನಾಯಿ ಹೋಗುತ್ತಿತ್ತಂತೆ.

ಆ ಮುತ್ತಜ್ಜನ ಸಮಾಧಿಗೆ ಆಂಟಿ ಚಿಕ್ಕವರಿದ್ದಾಗ ಅಪ್ಪನ ಜೊತೆ ಹೋಗಿದ್ದರು. ಅಪ್ಪ ತೀರಿಕೊಂಡ ಮೇಲೆ ಸಮಾಧಿಯಿದ್ದ ಗುಡ್ಡವೆಲ್ಲ ಪೊದೆ ಬೆಳೆದು ಜಾಗವೇ ಗುರುತು ಸಿಗದಂತಾಯಿತು. ಹೋದ ವರ್ಷ, ಹಳೆಯ ಸಮಾಧಿಗಳ ಸುತ್ತ ಪೊದೆ ಸವರುವ ಹವ್ಯಾಸದವರು ಕೆಲವರು ಅಂತರ್ಜಾಲದಲ್ಲಿ ಒಂದು ಫೋಟೋ ಹಾಕಿದರು. ಮಣ್ಣು ಮೆತ್ತಿದ ಕಲ್ಲಿನ ಮೇಲೆ ಕೋಲು ಹಿಡಿದ ಮನುಷ್ಯ, ಅವನ ಮುಂದೆ ತಲೆ ಮುರಿದುಹೋದ ನಾಯಿ. ಆಂಟಿಯ ಅಣ್ಣನ ಮಗ ಅದನ್ನು ತೋರಿಸಿದ್ದೇ ತಡ, ಅವರು ಬರಿಗಾಲಲ್ಲೇ ಬಂದು ನಮ್ಮ ಬೆಲ್ ಒತ್ತಿದರು. ಫೋನನ್ನು ನನ್ನ ಕೈಗೇ ಕೊಟ್ಟರು.

ಅಣ್ಣನ ಮಕ್ಕಳು ಹಳೆಯದನ್ನೆಲ್ಲ ತೆಗೆಸಿ ಹೊಳೆಯುವ ಗ್ರಾನೈಟ್ ಹಾಕಿಸೋಣ ಎಂದರು. ಆಂಟಿ ಜಗ್ಗಲಿಲ್ಲ. ಕಲ್ಲು ತೊಳೆಯಿರಿ, ಮುರಿದದ್ದನ್ನು ಕೂಡಿಸಿ, ಅಕ್ಷರಗಳಿಗೆ ಬಣ್ಣ ತುಂಬಿ, ಸಾಕು ಎಂದರು. ಕೊನೆಗೆ ಅವರ ಮಾತೇ ನಡೆಯಿತು. ಆಂಟಿಗೆ ಮಂಡಿ ನೋವು. ಗುಡ್ಡ ಹತ್ತುವಾಗ ಜೊತೆಗೆ ಬರುತ್ತೀಯಾ ಎಂದು ನನ್ನನ್ನು ಕೇಳಿದರು. ಒಪ್ಪಿಕೊಂಡೆ.

ಆಗ ಹಾವೇರಿಯಿಂದ ನಮ್ಮ ಅತ್ತೆ ಬಂದಿದ್ದರು. ಅವರಿಗೆ ಹೇಳುವುದು ಹೇಗೆಂದು ಹಿಂಜರಿಯುತ್ತಿದ್ದೆ. ನಾನು ಹಳೆಯ ಶೂ ಹುಡುಕುವುದನ್ನು ನೋಡಿ ಅವರೇ ಕೇಳಿದರು.

"ಆಂಟಿ ಮುತ್ತಜ್ಜನ ಸಮಾಧಿ ಕ್ಲೀನ್ ಮಾಡೋಕೆ ಅತ್ತೆ. ವಾಪಸ್ ಬಂದು ಸ್ನಾನ ಮಾಡೇ ದೇವರ ಹತ್ರ ಹೋಗ್ತೀನಿ" ಎಂದೆ.

"ಅದ್ರಾಗ ಮೈಲಿಗಿ ಏನ್ ಬಂತು? ನಿಮ್ಮ ಮಾವಾರ ಗದ್ದಿಗಿ ನಮ್ಮ ಹೊಲದಾಗೇ ಐತಿ. ಅದರ ಮಗ್ಗಲ್ದಾಗ ಕುಂತು ಬುತ್ತಿ ಉಣ್ತೀನಿ. ನಡಿ, ನಾನೂ ಬರ್ತೀನಿ."

ಗುಡ್ಡದ ಮೇಲೆ ಸೆಕೆ, ಸೊಳ್ಳೆ. ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು, ಕಲ್ಲುಗಳ ಸಂದಿಯ ಹುಲ್ಲನ್ನು ಬೇರು ಸಮೇತ ಕೀಳತೊಡಗಿದರು. ಅತಿಥಿಯಿಂದ ಕೆಲಸ ಮಾಡಿಸುವುದೇ ಎಂದು ಆಂಟಿ ಅತ್ತೆಯ ಕೈ ಹಿಡಿದು ಎಬ್ಬಿಸಲು ನೋಡಿದರು. ಅತ್ತೆ ಆ ಕೈಯನ್ನೇ ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಮಂಡಿ ನೋವಿದೆ ಎಂದು ನಾನು ಹೇಳಿದ ಮೇಲೆ ತಾವು ತಂದಿದ್ದ ಚೀಲವನ್ನೇ ಮಡಚಿ ಮಣೆಯಂತೆ ಕೊಟ್ಟರು.

ಕಲ್ಲು ಕೂಡಿಸಲು ಊರಿನ ಇನ್ನೊಂದು ಬದಿಯ ಹೌಗಾಂಗ್‌ನಿಂದ ಬಂದಿದ್ದ ಕುಶಲಿಗ ನಾಯಿಯ ತಲೆ ಹೇಗಿರಬೇಕು ಎಂದು ಕೇಳಿದ. ಅತ್ತೆ ತಮ್ಮ ಸೀಮೆಯ ಮುಧೋಳ ನಾಯಿಯನ್ನು ವರ್ಣಿಸಿದರು: ಉದ್ದ ಮೂತಿ, ಸಣ್ಣ ನಡು. ನಾನು ಇಂಗ್ಲಿಷಿಗೆ ತಂದೆ. ಆಂಟಿ ನಗುತ್ತಾ ತಲೆ ಅಲ್ಲಾಡಿಸಿದರು. ಅದು ಗಿಡ್ಡ ಕಾಲಿನ ಸಾಧಾರಣ ಬೀದಿನಾಯಿ, ಕಾಡುಹಂದಿ ತಿವಿದು ಎಡಗಿವಿ ಹರಿದಿತ್ತು ಎಂದು ಅವರ ಅಜ್ಜಿ ಹೇಳಿದ್ದರಂತೆ. ಅವನು ಹಾಗೆಯೇ, ಹರಿದ ಕಿವಿಯ ತಲೆ ಮಾಡಿ ಕೂಡಿಸಿದ. ಮುಂದಿನ ವಾರ ಹವ್ಯಾಸಿಗಳಲ್ಲೊಬ್ಬರು ಫೋನ್ ಮಾಡಿ, ಹೊಸ ಕಿವಿ ಆಗಲೇ ಮುರಿದಿದೆ ಎಂದು ತುಂಬ ನೊಂದು ಕ್ಷಮೆ ಕೇಳಿದರು. ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನಮ್ಮ ಅಡುಗೆಮನೆಗೂ ಕೇಳಿಸಿತು.

ಹಿರಿಯರ ಸಮಾಧಿಗೆ ಎಡೆ ಇಡುವ ದಿನ ಆಂಟಿಯ ಮನೆಯವರೆಲ್ಲ ಬಂದರು. ಕುರ್ಚಿಯ ಬೆನ್ನಿನಂತೆ ಬಾಗಿದ ಕಲ್ಲು ತೊಳೆದ ಮೇಲೆ ಬೂದು ಬಣ್ಣಕ್ಕೆ ತಿರುಗಿತ್ತು, ಅಕ್ಷರಗಳು ಹೊಸ ಕೆಂಪಿನಲ್ಲಿ ಎದ್ದು ಕಾಣುತ್ತಿದ್ದವು. ಕಿತ್ತಳೆ, ಚಹಾ, ಹುರಿದ ಮಾಂಸ ಇಟ್ಟಿದ್ದರು. ಅತ್ತೆ ಹೋಳಿಗೆ ಮಾಡಿ ತಂದಿದ್ದರು, ಆದರೆ ಮಾಂಸದ ತಟ್ಟೆ ನೋಡಿ ಡಬ್ಬಿ ತೆರೆಯದೆ ನಿಂತರು. ಅದು ಆಂಟಿಯ ಗಮನಕ್ಕೆ ಬಂತು. ತಮ್ಮ ತಟ್ಟೆಗಳನ್ನು ಒಂದು ಬದಿಗೆ ಸರಿಸಿ, ನಾಯಿಯ ಪಕ್ಕದ ಕಲ್ಲನ್ನು ಕರವಸ್ತ್ರದಿಂದ ಒರೆಸಿ, ಅಲ್ಲಿಡಿ ಎಂದು ಸನ್ನೆ ಮಾಡಿದರು.

ಅತ್ತೆ ಬಾಳೆಎಲೆಯ ಮೇಲೆ ಹೋಳಿಗೆ ಇಟ್ಟರು. ಆಮೇಲೆ ಸೊಂಟದ ಚೀಲದಿಂದ ವಿಭೂತಿ ತೆಗೆದು, ಹಚ್ಚಬಹುದೋ ಕೇಳು ಎಂದರು. ಕೇಳಿದೆ. ತಮ್ಮ ಮುತ್ತಜ್ಜ ಮಲಯರು, ತಮಿಳರು, ಬಿಳಿಯರು ಎಲ್ಲರ ಜೊತೆ ಕಾಡು ಸುತ್ತಿದವರು, ಅವರೇನು ಬೇಡ ಅನ್ನುವುದಿಲ್ಲ ಎಂದರು ಆಂಟಿ. ಅತ್ತೆ ಕಲ್ಲಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು ಕೈಮುಗಿದರು. ಆಂಟಿ ತಮ್ಮ ಹಣೆಯನ್ನೂ ಮುಂದೆ ಚಾಚಿದರು.

ಇಳಿದು ಬಂದು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಚಹಾ ಕುಡಿದೆವು. ಅಣ್ಣನ ಮಕ್ಕಳು ಹೋಳಿಗೆ ಡಬ್ಬಿ ಖಾಲಿ ಮಾಡಿದರು. ಅತ್ತೆ ಕನ್ನಡದಲ್ಲಿ ನಮ್ಮ ಮಾವನ ವಿಷಯ ಹೇಳುತ್ತಿದ್ದರು, ಆಂಟಿ ತಮ್ಮ ಮನೆಮಾತಾದ ಹಾಕ್ಕಿಯನ್ನಿನಲ್ಲಿ ಅದೇನೋ ಉತ್ತರ ಕೊಡುತ್ತಿದ್ದರು. ಅತ್ತೆಯ ಮಾತನ್ನಾದರೂ ಅನುವಾದ ಮಾಡಲು ನಾನು ಬಾಯಿ ತೆರೆದೆ, ಇಬ್ಬರೂ ನನ್ನತ್ತ ನೋಡಲೇ ಇಲ್ಲ. ನಾನು ಇನ್ನೊಂದು ಚಹಾ ತರಿಸಿಕೊಂಡು ಫ್ಯಾನಿನ ಕೆಳಗೆ ಕಾಲು ಚಾಚಿ ಕೂತೆ.